ಬೆಲ್ಲ ತೆಗೆದಿದ್ದೇವೆ, ಹೆಸರೂ ಬದಲಾಗಿದೆ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳ ಆರ್ಡರ್ ತಲುಪಿದವರಿಗೆ ಪ್ಯಾಕೆಟ್ ನೋಡಿ ಗುರುತು ಸಿಕ್ಕಿರಲಿಕ್ಕಿಲ್ಲ. ‘ಹೆಲ್ತ್ ಮಿಕ್ಸ್’ ಎಂದಿದ್ದ ಕಡೆ ಈಗ ‘ಮೊಳಕೆ ರಾಗಿ ಮಿಶ್ರಣ’ ಎಂದಷ್ಟೇ ಇದೆ. ಬಾಯಿಗಿಟ್ಟರೆ ಸಿಹಿಯೂ ಇಲ್ಲ. ತುಂಬಾ ಜನ ಫೋನ್ ಮಾಡಿ ಕೇಳಿದರು. ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಈ ಪತ್ರ.

ಹೆಸರಿನ ವಿಷಯ ಸಣ್ಣದು. 2024ರ ಏಪ್ರಿಲ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ ಒಂದು ಸೂಚನೆ ಕೊಟ್ಟಿತು. ಹಾಲು, ಧಾನ್ಯ, ಮಾಲ್ಟ್‌ನ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಅಂತ ಇಟ್ಟು ಮಾರಬೇಡಿ, 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಅಂತ. ನಮ್ಮದು ಪಾನೀಯ ಅಲ್ಲ, ಹಿಟ್ಟು. ಆದರೂ ಒಳಗೆ ಏನಿದೆಯೋ ಅದನ್ನೇ ಹೆಸರಾಗಿ ಇಟ್ಟರೆ ಸಾಕು ಅನ್ನಿಸಿತು.

ಬೆಲ್ಲದ್ದೇ ದೊಡ್ಡ ಜಗಳ. ‘ಬೆಲ್ಲ ಏನು ಸಕ್ಕರೆನಾ?’ ಅಂತ ಸಂಘದ ಸಭೆಯಲ್ಲೇ ಅರ್ಧ ಜನ ಕೇಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊಸ ಆಹಾರ ಮಾರ್ಗಸೂಚಿ ತಂದಿತು. ಎಳೆ ಮಕ್ಕಳ ಊಟಕ್ಕೆ ಸಕ್ಕರೆ ಬೆರೆಸಬೇಡಿ ಅನ್ನುತ್ತದೆ ಅದು. ಬೆಲ್ಲ, ಜೇನು ಎಲ್ಲವೂ ಅದರ ಲೆಕ್ಕದಲ್ಲಿ ಸೇರಿಸಿದ ಸಕ್ಕರೆಯೇ. ಅದೇ ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿ ಬಂದಿತ್ತು, ನೆನಪಿದೆಯಾ? ಭಾರತದಲ್ಲಿ ಮಾರುವ ಒಂದು ದೊಡ್ಡ ಬ್ರ್ಯಾಂಡಿನ ಮಕ್ಕಳ ಆಹಾರವನ್ನು ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು ಪರೀಕ್ಷೆ ಮಾಡಿಸಿತ್ತು. ಒಂದು ಸಲ ತಿನ್ನಿಸುವಷ್ಟರಲ್ಲಿ ಸರಾಸರಿ 3 ಗ್ರಾಂ ಹತ್ತಿರ ಸಕ್ಕರೆ ಇತ್ತು. ಯುರೋಪಿನ ಕೆಲವು ದೇಶಗಳಲ್ಲಿ ಅದೇ ಕಂಪನಿ ಸಕ್ಕರೆ ಹಾಕದೆ ಮಾರುತ್ತಿತ್ತು. ಅದನ್ನು ಓದಿ ನಾವೆಲ್ಲ ಬೈದೆವು. ಬೈದ ಮೇಲೆ ನಮ್ಮ ಪ್ಯಾಕೆಟ್‌ನಲ್ಲಿ ಬೆಲ್ಲ ಇಟ್ಟುಕೊಂಡು ಕೂರಲು ಆಗುತ್ತದೆಯೇ?

ದೊಡ್ಡ ಮಕ್ಕಳಿಗೆ, ನಿಮಗೆ, ಬೆಲ್ಲ ಬೇಕಾದರೆ ಮನೆಯಲ್ಲೇ ಹಾಕಿಕೊಳ್ಳಿ. ಎಷ್ಟು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಬೆಲ್ಲ ಇಲ್ಲದ್ದರಿಂದ ಮಳೆಗಾಲದಲ್ಲಿ ಹಿಟ್ಟು ಗಂಟು ಕಟ್ಟುವುದೂ ಕಡಿಮೆ.

ಇನ್ನು ಅಂಗಡಿಯವರ ಬೇಡಿಕೆ. ‘ಗುಂಡು ಮಗುವಿನ ಫೋಟೊ ಹಾಕಿ, 6 ತಿಂಗಳಿಂದ ಕೊಡಬಹುದು ಅಂತ ಬರೀರಿ, ತಾನಾಗೇ ಖರ್ಚಾಗುತ್ತೆ’ ಅನ್ನುತ್ತಾರೆ. ಹಾಕುವುದಿಲ್ಲ. 6 ತಿಂಗಳಿಂದ 2 ವರ್ಷದವರೆಗಿನ ಮಕ್ಕಳಿಗೆ ಎದೆಹಾಲಿನ ಜೊತೆ ಕೊಡುವ ಆಹಾರ ಅಂತ ಹೇಳಿ ಮಾರಿದರೆ ಅದು ಶಿಶು ಆಹಾರ ಆಗಿಬಿಡುತ್ತದೆ. ಶಿಶು ಆಹಾರದ ಮಾರಾಟ, ಪ್ರಚಾರಕ್ಕೆ ಕಡಿವಾಣ ಹಾಕುವ 1992ರ ಕಾಯ್ದೆ, ಅದರ 2003ರ ತಿದ್ದುಪಡಿ ಎರಡೂ ಅದಕ್ಕೆ ಅನ್ವಯಿಸುತ್ತವೆ. ಜಾಹೀರಾತು ಕೊಡುವ ಹಾಗಿಲ್ಲ. ಲೇಬಲ್ ಮೇಲೆ ಮಗುವಿನದಾಗಲಿ ತಾಯಿಯದಾಗಲಿ ಚಿತ್ರ ಇರಕೂಡದು. ಮೇಲಿಂದ 2020ರ ಶಿಶು ಆಹಾರ ನಿಯಮಗಳಿವೆ. ಪ್ರೋಟೀನ್, ಕಬ್ಬಿಣ, ವಿಟಮಿನ್ ಇಷ್ಟಿಷ್ಟು ಇರಲೇಬೇಕು ಅಂತ. ರಾಗಿಯಲ್ಲಿ ಕ್ಯಾಲ್ಸಿಯಂ 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ, ಆದರೆ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ. ಹೆಸರುಕಾಳು, ಹುರಿಗಡಲೆ ಸೇರಿಸಿದರೂ ಆ ಅಳತೆ ಮುಟ್ಟಲು ವಿಟಮಿನ್ ಪುಡಿ ಬೆರೆಸಬೇಕು, ಪ್ರತಿ ಬ್ಯಾಚ್ ಲ್ಯಾಬಿಗೆ ಕಳಿಸಬೇಕು. ಅದು ನಮ್ಮಂಥವರ ಕೆಲಸ ಅಲ್ಲ.

ರಾಗಿ ಸರಿ ತಿಂದೇ ಬೆಳೆದ ನಾಡಿನಲ್ಲಿ ಇದೇನು ವಿಚಿತ್ರ ಅನ್ನಿಸಬಹುದು, ನಮಗೂ ಅನ್ನಿಸಿತು. ಆದರೆ ಅಜ್ಜಿ ಬಟ್ಟೆಯಲ್ಲಿ ಸೋಸಿ ಮಾಡುವ ಸರಿಗೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅಂಗಡಿಯ ಪ್ಯಾಕೆಟ್ ಮೇಲೆ ಕೊಡುವ ಭರವಸೆಗೆ ಮಾತ್ರ ಲೆಕ್ಕ ಕೊಡಬೇಕು. ಈ ನಿಯಮ ಬಿಗಿಯಾಗಿರುವುದೇ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ. ಹಾಗಾಗಿ ಪುಟ್ಟ ಮಗುವಿಗೆ ಎಷ್ಟು, ಯಾವಾಗ ಅಂತ ನಮ್ಮನ್ನು ಕೇಳಬೇಡಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಅಥವಾ ಮಕ್ಕಳ ಡಾಕ್ಟರನ್ನು ಕೇಳಿ.

ಅರ್ಧ ಕೆಜಿಗೆ 10 ರೂಪಾಯಿ ಜಾಸ್ತಿ ಆಗಿದೆ. ಬೆಲ್ಲದ ಜಾಗಕ್ಕೆ ಮೊಳಕೆ ರಾಗಿಯೇ ಬಂದಿದೆ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿಯುವ ಕೂಲಿ ಅದರಲ್ಲಿದೆ. ಹಳೆಯ ಪ್ಯಾಕೆಟ್ ಕೆಲವು ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಬೆಲ್ಲ ಬೇಡದವರು ಪ್ಯಾಕೆಟ್ ಹಿಂಬದಿಯ ಲೇಬಲ್ ನೋಡಿಕೊಳ್ಳಿ, ಹೊಸದರಲ್ಲಿ ‘ಸೇರಿಸಿದ ಸಕ್ಕರೆ’ ಸಾಲಿನಲ್ಲಿ 0 ಇರುತ್ತದೆ. ಒಡೆಯದ ಹಳೆಯ ಪ್ಯಾಕೆಟ್ ತಂದರೆ ಬದಲಾಯಿಸಿ ಕೊಡುತ್ತೇವೆ, ಹೆಚ್ಚಿನ ಹಣ ಬೇಡ.

ಇಂತಿ,
ಸಂಘದ ಪರವಾಗಿ, ಕಾರ್ಯದರ್ಶಿ