ಟಿವಿಯಲ್ಲಿ ವಾರಪೂರ್ತಿ ವೈವಿಧ್ಯ ಅಂತ ದುಡ್ಡು ತಗೊಂಡು ಒಂದೇ ದಿನಾನ ಏಳು ಸಲ ತೋರಿಸ್ತಿರೋ ಬಗ್ಗೆ ದೂರು

ಡಿಟಿಎಚ್ ಟಿವಿ ಕಂಪನಿಯ ಕಸ್ಟಮರ್ ಕೇರ್‌ನವರಿಗೆ ನಮಸ್ಕಾರ,

ಆ್ಯಪ್‌ಗೆ ಲಾಗಿನ್ ಆಗೇ ಬರೀತಿದೀನಿ, ನನ್ನ ಕನೆಕ್ಷನ್ ನಂಬರ್ ನಿಮಗೇ ಕಾಣತ್ತೆ, ದಯವಿಟ್ಟು ಮತ್ತೆ ಅದನ್ನೇ ಕೇಳ್ಬೇಡಿ. ಫೋನಲ್ಲಿ ಮೂರು ಸಲ ಹೇಳಿದೀನಿ, ಮೂರು ಸಲಾನೂ ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಮೇಡಂ ಅಂದ್ರು. ಬಾಕ್ಸ್ ಚೆನ್ನಾಗೇ ಇದೆ ರೀ. ಮಳೆ ಬಂದಾಗ ಸಿಗ್ನಲ್ ಹೋಗತ್ತೆ, ಅದು ಎಲ್ಲರದ್ದೂ ಹೋಗತ್ತೆ ಬಿಡಿ. ನನ್ನ ತಕರಾರು ಅದರೊಳಗೆ ಏನು ಬರತ್ತೆ ಅನ್ನೋದು.

ಎರಡು ತಿಂಗಳ ಹಿಂದೆ ನೀವೇ ಮೆಸೇಜ್ ಮೇಲೆ ಮೆಸೇಜ್ ಕಳಿಸಿ, ಹೊಸ ಪ್ಯಾಕ್ ತಗೊಳ್ಳಿ, ವಾರಪೂರ್ತಿ ವೈವಿಧ್ಯ, ಮನೆಮಂದಿಗೆಲ್ಲ ಮನರಂಜನೆ ಅಂದ್ರಿ. ಆ ಟೈಮಿಗೆ ಸರಿಯಾಗಿ ನಮ್ಮ ಮಾವ ತೋಟದಲ್ಲಿ ಜಾರಿ ಬಿದ್ದು ಕಾಲು ಮುರ್ಕೊಂಡು ಮಲಗಿದ್ರು, ಅರಸೀಕೆರೆ ಕಡೆ ತೆಂಗಿನ ತೋಟ ಇದೆ ನಮ್ದು, ದಿನಾ ಬೆಳಿಗ್ಗೆ ಎದ್ದು ತೋಟಕ್ಕೆ ಹೋಗೋ ಮನುಷ್ಯ ಮಂಚದ ಮೇಲೆ ಬಿದ್ರೆ ಏನ್ ಮಾಡ್ತಾರೆ ಪಾಪ, ಟಿವಿನಾದ್ರೂ ನೋಡ್ಲಿ ಅಂತ ನಮ್ಮೋರು ದೊಡ್ಡ ಪ್ಯಾಕೇ ಹಾಕ್ಸಿದ್ರು. ಈಗ ಆ ಮಾವನೇ ನಿಮ್ಮ ಮೇಲೆ ಸಾಕ್ಷಿ.

ಯಾಕಂದ್ರೆ ಅವರು ಸುಮ್ನೆ ನೋಡಲ್ಲ, ಕಾಯಿ ಲೆಕ್ಕ ಬರೆಯೋ ನೋಟ್‌ಬುಕ್ಕಲ್ಲಿ ಒಂದು ವಾರ ಪೂರ್ತಿ ಯಾವ ಟೈಮಿಗೆ ಯಾವ ಚಾನೆಲ್ಲಲ್ಲಿ ಏನಿತ್ತು ಅಂತ ಬರ್ದಿಟ್ಟಿದಾರೆ. ಸೋಮವಾರ ಬೆಳಿಗ್ಗೆ ನಾಲ್ಕು ಕನ್ನಡ ಚಾನೆಲ್ ತಿರುಗಿಸಿದ್ರು, ನಾಲ್ಕರಲ್ಲೂ ಜ್ಯೋತಿಷ್ಯ. ಮಾವಂದು ಕನ್ಯಾ ರಾಶಿ. ಒಬ್ಬರು ಧನಲಾಭ ಅಂದ್ರು, ಇನ್ನೊಬ್ಬರು ಧನವ್ಯಯ ಅಂದ್ರು, ಮೂರನೆಯವರು ದೂರ ಪ್ರಯಾಣ ಯೋಗ ಅಂದ್ರು, ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡಿರೋ ಮನುಷ್ಯಂಗೆ! ಅದಾದ್ಮೇಲೆ ಮಧ್ಯಾಹ್ನದವರೆಗೆ ನಿನ್ನೆ ರಾತ್ರಿ ಬಂದ ಸೀರಿಯಲ್‌ಗಳೇ ಮತ್ತೆ, ಊಟದ ಹೊತ್ತಿಗೆ ಹಿಂದಿಯಿಂದ ಡಬ್ ಮಾಡಿದ್ದು, ಸಾಯಂಕಾಲ ಆರರಿಂದ ರಾತ್ರಿ ಹತ್ತೂವರೆ ತನಕ ಹೊಸ ಸೀರಿಯಲ್, ಆಮೇಲೆ ಮತ್ತೆ ಅವೇ. ಮಂಗಳವಾರದ ಪುಟದಲ್ಲಿ ಮಾವ ಎರಡೇ ಸಾಲು ಬರೆದು ಕೆಳಗೆ "ಮೇಲಿನಂತೆ" ಅಂತ ಹಾಕಿದಾರೆ. ಬುಧವಾರ, ಮೇಲಿನಂತೆ. ಗುರುವಾರ, ಮೇಲಿನಂತೆ, ಕರೆಂಟ್ ಇರಲಿಲ್ಲ 2 ಗಂಟೆ. ಶನಿವಾರ ಭಾನುವಾರ ಏನಾದ್ರೂ ಬೇರೆ ಇರತ್ತೆ ಅಂದ್ಕೊಂಡ್ರೆ ಸೀರಿಯಲ್‌ಗಳ ಮಹಾಸಂಚಿಕೆ, ಒಂದು ರಿಯಾಲಿಟಿ ಶೋ, ಅದರಲ್ಲಿ ಕುಣಿಯೋಕೆ ಬಂದೋರೂ ಅದೇ ಸೀರಿಯಲ್‌ನೋರು, ಮತ್ತೆ ಹೋದ ತಿಂಗಳು ಎರಡು ಸಲ ಹಾಕಿದ್ದ ಸಿನಿಮಾ.

ನಾನೇನೂ ಸೀರಿಯಲ್ ವಿರೋಧಿ ಅಲ್ಲ, ನಾನೂ ರಾತ್ರಿ ಎರಡು ನೋಡ್ತೀನಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ವಾರ ಮೂರು ಚಾನೆಲ್ಲಲ್ಲಿ ಮೂರು ಮದುವೆ ನಡೀತಿತ್ತು, ಮೂರರಲ್ಲೂ ತಾಳಿ ಕಟ್ಟೋ ಹೊತ್ತಿಗೆ ಯಾರೋ ಬಾಗಿಲಲ್ಲಿ ಬಂದು ನಿಲ್ಸಿ ಅಂದ್ರು. ಮಾವ ಕೇಳಿದ್ರು, ಇದು ಆವಾಗ್ಲೇ ನೋಡಿದ್ವಲ್ಲಮ್ಮ ಅಂತ. ಇಲ್ಲ ಮಾವ ಅದು ಬೇರೆ ಚಾನೆಲ್ಲು ಅಂದೆ.

ಕಾರ್ಯಕ್ರಮ ಮಾಡೋದು ಚಾನೆಲ್‌ನೋರು, ನಾವು ಬರೀ ತಲುಪಿಸ್ತೀವಿ ಅಂತ ನಿಮ್ಮ ಹುಡುಗ ಫೋನಲ್ಲಿ ಹೇಳ್ದ. ಒಪ್ತೀನಿ. ಆದ್ರೆ ಇರೋ ಸ್ವಲ್ಪ ಬೇರೆ ಥರದ್ದನ್ನ ಕೈಗೆ ಸಿಗದ ಹಾಗೆ ಮಾಡಿರೋದು ನೀವೇ ಅಲ್ವಾ? ಮುಂಚೆ ದೂರದರ್ಶನದ ಚಂದನ ಬೇರೆ ಕನ್ನಡ ಚಾನೆಲ್‌ಗಳ ಪಕ್ಕದಲ್ಲೇ ಇತ್ತು. ಹೊಸ ಪ್ಯಾಕ್ ಹಾಕಿದ್ಮೇಲೆ ಅದು 1600ರ ಸಾಲಿಗೆ ಹೋಗಿ ಕೂತಿದೆ, ಯಾವ್ಯಾವುದೋ ಭಾಷೆ ಚಾನೆಲ್‌ಗಳ ಮಧ್ಯ. ಮಾವಂಗೆ ಕೃಷಿ ಕಾರ್ಯಕ್ರಮ ಬೇಕು, ತೆಂಗಿಗೆ ಕಪ್ಪು ತಲೆ ಹುಳ ಬಿದ್ದಿದೆ, ಅದರ ಬಗ್ಗೆ ಯಾರಾದ್ರೂ ಮಾತಾಡ್ತಾರಾ ಅಂತ ಕಾಯ್ತಾರೆ. ನನ್ನ ಮಗಳಿಗೆ ಥಟ್ ಅಂತ ಹೇಳಿ ಬೇಕು, 2002ರಿಂದ ಬರ್ತಿರೋ ಕ್ವಿಜ್ಜು, ಉತ್ತರ ಹೇಳಿದ್ರೆ ಪುಸ್ತಕ ಕೊಡ್ತಾರೆ. ವಾರದಲ್ಲಿ ನಮ್ಮನೇಲಿ ನಿಜವಾಗ್ಲೂ ಬೇರೆ ಅನ್ನಿಸೋದು ಅವೆರಡೇ, ಅವನ್ನ ನೋಡೋಕೆ ನಾಲ್ಕು ಅಂಕಿ ಒತ್ತಬೇಕು, ಮಾವಂಗೆ ರಿಮೋಟ್ ಮೇಲಿನ ನಂಬರೇ ಸರಿಯಾಗಿ ಕಾಣಲ್ಲ. ಒಂದು ಭಾಷೆಯ ಒಂದೇ ಥರದ ಚಾನೆಲ್‌ಗಳನ್ನ ಸಾಲಾಗಿ ಒಟ್ಟಿಗೆ ಇಡಬೇಕು ಅಂತ ನಿಮ್ಮಂಥ ಕಂಪನಿಗಳಿಗೆ ನಿಯಮ ಮಾಡೋ ಟ್ರಾಯ್‌ನ ನಿಯಮದಲ್ಲೇ ಇದೆ, ನನ್ನ ಸ್ವಂತ ಆಸೆ ಅಲ್ಲ ಇದು.

ಇನ್ನೊಂದು, ಪ್ರಾಣಿ ಪಕ್ಷಿ ವಿಜ್ಞಾನ ತೋರಿಸೋ ಚಾನೆಲ್‌ಗಳು ಅಂತ ಪ್ಯಾಕಲ್ಲಿ ಐದು ಸೇರಿಸಿದೀರಿ. ಆಡಿಯೋ ಬದಲಾಯಿಸೋ ಕಡೆ ನೋಡಿದ್ರೆ ಇಂಗ್ಲಿಷ್, ಹಿಂದಿ, ತಮಿಳು ಇದೆ. ಕನ್ನಡ ಇಲ್ಲ. ಹುಲಿ ಓಡೋದನ್ನ ಮಾವ ಮ್ಯೂಟಲ್ಲಿ ನೋಡ್ತಾರೆ, ಮಗಳು ಪಕ್ಕದಲ್ಲಿ ಕೂತು ಅರ್ಧಂಬರ್ಧ ಅರ್ಥ ಹೇಳ್ತಾಳೆ.

ನಮ್ಮ ಚಿಕ್ಕಂದಲ್ಲಿ ಒಂದೇ ದೂರದರ್ಶನ ಇತ್ತು, ಅದೇ ಚೆನ್ನಾಗಿತ್ತು ಅಂತೆಲ್ಲ ಹೇಳಲ್ಲ, ಆಂಟೆನಾ ತಿರುಗಿಸೋಕೆ ಹೆಂಚಿನ ಮೇಲೆ ಹತ್ತಿ ಬಿದ್ದೋನು ನಮ್ಮಣ್ಣ. ಆದ್ರೆ ಸಿನಿಮಾ ಹಾಡಿನ ಚಿತ್ರಮಂಜರಿ ಬಂತು ಅಂದ್ರೆ ಇವತ್ತು ಯಾವ ವಾರ ಅಂತ ಗೊತ್ತಾಗ್ತಿತ್ತು. ಈಗ ಇನ್ನೂರು ಚಿಲ್ರೆ ಚಾನೆಲ್ ಇಟ್ಕೊಂಡು ವಾರ ಗೊತ್ತಾಗಕ್ಕೆ ಕ್ಯಾಲೆಂಡರ್ ನೋಡ್ಬೇಕು.

ದುಡ್ಡಿನ ವಿಷ್ಯ. 2019ರಲ್ಲಿ ಟ್ರಾಯ್‌ನ ಹೊಸ ಪದ್ಧತಿ ಬಂದಾಗ ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಅಂದ್ರು. ಆಗ ಬರೀ ಕನೆಕ್ಷನ್‌ಗೇ 130 ರೂಪಾಯಿ, ಮೇಲೆ ಶೇಕಡ 18 ಜಿಎಸ್‌ಟಿ, 153 ರೂಪಾಯಿ 40 ಪೈಸೆ ಆಯ್ತು, ಅದರ ಮೇಲೆ ಚಾನೆಲ್ ದುಡ್ಡು ಬೇರೆ. ಸರಿ ಆರಿಸ್ಕೊಳ್ಳೋಣ ಅಂದ್ರೆ ನಿಮ್ಮ ಆ್ಯಪಲ್ಲಿ ಬಿಡಿ ಚಾನೆಲ್ ಎಲ್ಲಿದೆ ಅಂತ ಹುಡುಕೋಕೇ ಅರ್ಧ ದಿನ ಬೇಕು, ಸಿಕ್ಕಿದ ಮೇಲೆ ಪ್ಯಾಕಿಂದ ಒಂದು ತೆಗೆದ್ರೆ ಪೂರ್ತಿ ಪ್ಯಾಕೇ ಹೋಗತ್ತೆ, ಒಂದೊಂದೇ ಸೇರಿಸಿದ್ರೆ ಪ್ಯಾಕಿಗಿಂತ ಜಾಸ್ತಿ ಆಗತ್ತೆ.

ನನಗೆ ಬೇಕಾಗಿರೋದು ಇಷ್ಟು. ಚಂದನನ ಕನ್ನಡದ ಸಾಲಿಗೆ ವಾಪಸ್ ತನ್ನಿ. ನಾವು ಒಂದು ಸಲಾನೂ ನೋಡದ ಚಾನೆಲ್‌ಗಳ ಪಟ್ಟಿ ಜೊತೆಗೆ ಕಳಿಸಿದೀನಿ, ಅವನ್ನ ತೆಗೆದು ದುಡ್ಡು ಕಮ್ಮಿ ಮಾಡಿ. ವಿಜ್ಞಾನದ ಚಾನೆಲ್‌ಗೆ ಕನ್ನಡ ಆಡಿಯೋ ಬರತ್ತಾ ಇಲ್ವಾ ನೇರವಾಗಿ ಹೇಳಿ, ಬರಲ್ಲ ಅಂದ್ರೆ ಆ ಐದಕ್ಕೂ ನಾನ್ಯಾಕೆ ದುಡ್ಡು ಕೊಡ್ಲಿ. ಉತ್ತರ ಕನ್ನಡದಲ್ಲಿ, ಬರವಣಿಗೆಯಲ್ಲಿ ಬೇಕು, ಫೋನ್ ಬೇಡ. ಸರಿಹೋಗ್ಲಿಲ್ಲ ಅಂದ್ರೆ ದೂರು ನೋಡ್ಕೊಳ್ಳೋ ನಿಮ್ಮ ನೋಡಲ್ ಆಫೀಸರ್‌ಗೆ ಬರೀತೀನಿ. ಅದೂ ಆಗ್ಲಿಲ್ಲ ಅಂದ್ರೆ ಡಿಡಿ ಫ್ರೀ ಡಿಶ್ ಹಾಕ್ಸಿಬಿಡಿ ಅಂತ ಮಾವ ಈಗ್ಲೇ ಹೇಳ್ತಿದಾರೆ, ಅದಕ್ಕೆ ತಿಂಗಳ ದುಡ್ಡೇ ಇಲ್ಲ.

ನಮ್ಮ ರೀಚಾರ್ಜ್ ಮುಗಿಯೋದು 28ಕ್ಕೆ. ನೋಟ್‌ಬುಕ್ಕಿನ ಫೋಟೋ ಬೇಕಿದ್ರೆ ಕೇಳಿ, ಏಳು ಪುಟ ಇದೆ, ಆದ್ರೆ ಮೊದಲನೇದು ಓದಿದ್ರೆ ಸಾಕು.

ಇಂತಿ,
ಅರಸೀಕೆರೆಯ ನಿಮ್ಮ ಗ್ರಾಹಕಿ