ಕಾಲುದಾರಿಯ ನೀರು ತಿರುಗಿಸಿದ ಹಿರಿಯರು

ಮಾನ್ಯ ಸಂಪಾದಕರೇ,

ಶರಾವತಿ ಮತ್ತು ವಾರಾಹಿ ಜಲವಿದ್ಯುತ್ ಯೋಜನೆಗಳಲ್ಲಿ ಸಿವಿಲ್ ಇಂಜಿನಿಯರ್ ಆಗಿ ದುಡಿದು, ನಿವೃತ್ತಿಯ ನಂತರದ ಬದುಕನ್ನು ಚಾರಣಕ್ಕೂ ಶ್ರಮದಾನಕ್ಕೂ ಮೀಸಲಿಟ್ಟಿದ್ದ ನಮ್ಮೂರಿನ ಹಿರಿಯರೊಬ್ಬರು ಕಳೆದ ತಿಂಗಳು ತೀರಿಕೊಂಡರು. ಪತ್ರಿಕೆಯಲ್ಲಿ ಹೆಸರು ಬರುವುದನ್ನು ಅವರು ಎಂದೂ ಇಷ್ಟಪಟ್ಟವರಲ್ಲವಾದ್ದರಿಂದ ಇಲ್ಲಿಯೂ ಬರೆಯುತ್ತಿಲ್ಲ. ನನ್ನ ಶಾಲೆಯ ಮಕ್ಕಳಿಗೆ ಅವರು ಇಂಜಿನಿಯರ್ ಅಜ್ಜ.

1,343 ಮೀಟರ್ ಎತ್ತರದ ಕೊಡಚಾದ್ರಿಗೆ ನಿಟ್ಟೂರಿನ ಕಡೆಯಿಂದ ಹತ್ತುವವರು ಕಾಲುದಾರಿ ಕೊರೆದುಹೋಗಿರುವುದನ್ನು ನೋಡಿಯೇ ಇರುತ್ತಾರೆ. ತುಳಿತಕ್ಕೆ ಹುಲ್ಲು ಸತ್ತ ಕಡೆ ಮಳೆನೀರು ದಾರಿಯನ್ನೇ ಹಳ್ಳ ಮಾಡಿಕೊಂಡು ಇಳಿಯುತ್ತದೆ. ಹಳ್ಳ ಆಳವಾದಂತೆ ಜನ ಪಕ್ಕದ ಹುಲ್ಲಿನ ಮೇಲೆ ನಡೆಯತೊಡಗುತ್ತಾರೆ, ಮರುವರ್ಷ ಅಲ್ಲಿಯೂ ಮಣ್ಣು ಕಿತ್ತುಹೋಗುತ್ತದೆ. ಇದನ್ನು ಮಕ್ಕಳಿಗೆ ತಿಳಿಸಲು ಅವರು ದಾರಿಯ ತಿರುವಿನಲ್ಲಿ ಕುಳಿತು, ಕುಡಿಯುವ ನೀರಿನ ಬಾಟಲಿಯನ್ನು ನಿಧಾನವಾಗಿ ಬಗ್ಗಿಸಿ, ಹರಿಯುವ ನೀರಿನ ಹಿಂದೆ ಬೆರಳು ಎಳೆಯುತ್ತ ಹೋಗುತ್ತಿದ್ದರು. ನೀರು ಎಲ್ಲಿ ಜೋರಾಯಿತೋ ಅಲ್ಲಿ ಒಂದು ಗೂಟ. ಮರುದಿನ ಅಲ್ಲಿಯೇ ಗುದ್ದಲಿ ಬೀಳುತ್ತಿತ್ತು. ದಾರಿಗೆ ಓರೆಯಾಗಿ ಒಂದು ಗೇಣು ಆಳದ ಕಾಲುವೆ ತೋಡಿ, ಇಳಿಜಾರಿನ ಬದಿಗೆ ಕಲ್ಲು ಒತ್ತಿ, ನೀರನ್ನು ಕಾಡಿನೊಳಕ್ಕೆ ತಿರುಗಿಸುವುದಷ್ಟೇ ಕೆಲಸ. ನೇರ ಅಡ್ಡವಾಗಿ ತೋಡಿದರೆ ತರಗೆಲೆ ನಿಂತು ಕಟ್ಟಿಕೊಳ್ಳುತ್ತದೆ, ಓರೆಯಾಗಿದ್ದರೆ ನೀರೇ ಅದನ್ನು ದೂಡಿಕೊಂಡು ಹೋಗುತ್ತದೆ. ಅಡಿಕೆ ತೋಟದ ಬಸಿಗಾಲುವೆ ನೋಡಿ ಕಲಿತದ್ದೆಂದು ಅವರು ಹೇಳುತ್ತಿದ್ದರು. ಅಣೆಕಟ್ಟುಗಳ ಕೆಲಸ ಕಂಡ ಇಂಜಿನಿಯರ್ ಒಬ್ಬರು ತೋಟದ ಕೆಲಸದಾಳುಗಳನ್ನು ಗುರುಗಳೆಂದು ಕರೆದದ್ದನ್ನು ನಾನು ಮರೆಯಲಾರೆ.

ಸಾಹಸ ಅವರಿಗೆ ಪ್ರಾಣ, ಆದರೆ ಮಕ್ಕಳನ್ನು ಕರೆದೊಯ್ಯುವಾಗ ಅತಿಯೆನಿಸುವಷ್ಟು ಎಚ್ಚರ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ನಮ್ಮನ್ನು ಕಾಡುತ್ತಿದೆ. ಒಮ್ಮೆ ದಾರಿಯಲ್ಲಿ ಸತ್ತ ಮಂಗ ಕಂಡಾಗ, ಅರ್ಧ ದಾರಿ ಹತ್ತಿದ್ದ ಮಕ್ಕಳನ್ನೆಲ್ಲ ಹಿಂದಕ್ಕೆ ಕರೆತಂದು, ಪ್ರತಿಯೊಬ್ಬರ ಕಾಲುಚೀಲವನ್ನೂ ಕುತ್ತಿಗೆಯನ್ನೂ ಉಣುಗಿಗಾಗಿ ತಾವೇ ನೋಡಿ, ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿದ ಮೇಲೆಯೇ ಅವರು ಊಟಕ್ಕೆ ಕುಳಿತದ್ದು.

ಈ ವರ್ಷ ಆ ಕಾಲುವೆಗಳಿಗೆ ಕೈಹಾಕಿದವರಿಲ್ಲ. ಕಳೆದ ವಾರ ಹೋಗಿ ನೋಡಿದಾಗ ಮೂರು ಕಡೆ ತರಗೆಲೆ ಮತ್ತು ಮಣ್ಣು ತುಂಬಿ ದಾರಿಯ ಮಟ್ಟಕ್ಕೆ ಬಂದಿತ್ತು. ಮೃಗಶಿರಾ ಮಳೆಗೆ ಇನ್ನು ಕೆಲವೇ ವಾರಗಳಿವೆ. ಮೂಕಾಂಬಿಕಾ ವನ್ಯಜೀವಿಧಾಮದ ಕಾಡಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದೇ ಮುಂದುವರಿಯಬೇಕು. ಅವರೂ ಪ್ರತಿ ವರ್ಷ ಹಾಗೆಯೇ ಮಾಡುತ್ತಿದ್ದರು. ಜಿಲ್ಲೆಯ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಮತ್ತು ಚಾರಣ ತಂಡಗಳು ಶ್ರದ್ಧಾಂಜಲಿ ಸಭೆಯ ಬದಲು ಎರಡು ದಿನದ ಶ್ರಮದಾನ ಏರ್ಪಡಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಅವರ ಹಾರೆ, ಗುದ್ದಲಿಗಳು ಮನೆಯ ಕೊಟ್ಟಿಗೆಯಲ್ಲಿವೆ. ಕೆಲಸಕ್ಕೆ ಬರುವವರಿಗೆ ಕೊಡುವುದಾಗಿ ಅವರ ಮಗಳು ತಿಳಿಸಿದ್ದಾರೆ.

ಇತಿ,
ನಿವೃತ್ತ ಶಿಕ್ಷಕಿ, ಹೊಸನಗರ