ಮಗಳಿಗೊಂದು ಪತ್ರ: ಕೇಳುವವರಿಲ್ಲದ ಕೆಲಸ

ಪುಟ್ಟಿ,

"ರೂಮಲ್ಲಿ ಒಬ್ಬಳೇ ಕೂತು ಅನುವಾದ ಮಾಡೋಕೆ ಮನಸ್ಸೇ ಬರ್ತಿಲ್ಲ, ಸೋಮಾರಿ ಆಗಿಬಿಟ್ಟಿದ್ದೀನಿ" ಅಂತ ಮೆಸೇಜ್ ಹಾಕಿದ್ದೆಯಲ್ಲ. ಸೋಮಾರಿತನ ಅಲ್ಲ ಕಣೇ ಅದು. ಕೇಳುವವರಿಲ್ಲ, ಅಷ್ಟೇ.

ನನ್ನ ಹೊಲಿಗೆಯನ್ನೇ ನೋಡು. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಬೇಕು ಅಂತ ಬಾಗಿಲಲ್ಲೇ ನಿಂತಿರುತ್ತಾರೆ. ಮನಸ್ಸಿದೆಯೋ ಇಲ್ಲವೋ ಅಂತ ನೋಡಿಕೊಳ್ಳಲೂ ಪುರಸೊತ್ತಿರುವುದಿಲ್ಲ, ಕೈ ತಾನಾಗಿ ಓಡುತ್ತದೆ. ಆಷಾಢದಲ್ಲಿ ನಮ್ಮ ಕಡೆ ಮದುವೆ ಮಾಡುವುದಿಲ್ಲ, ಯಾರಿಗೂ ಅವಸರವಿಲ್ಲ. ಒಂದು ಸೀರೆಗೆ ಫಾಲ್ ಹಾಕುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ! ಅದಕ್ಕೇ ಆಷಾಢದಲ್ಲೂ "ಗುರುವಾರ ಬನ್ನಿ" ಅಂತ ನಾನೇ ದಿನ ಹೇಳಿಬಿಡುತ್ತೇನೆ. "ನಿಧಾನಕ್ಕೆ ಕೊಡಿ ಅಕ್ಕಾ" ಅಂದರೂ ಬಿಡುವುದಿಲ್ಲ.

ರಾತ್ರಿ ಮಷೀನ್ ಮುಚ್ಚುವ ಮುಂಚೆ ಬಾಬಿನ್‌ಗೆ ದಾರ ಸುತ್ತಿ, ಸೂಜಿಗೆ ಪೋಣಿಸಿ, ಒಂದು ತೋಳನ್ನು ಅರ್ಧ ಹೊಲಿದು ಸೂಜಿಯ ಕೆಳಗೇ ಬಿಟ್ಟಿರುತ್ತೇನೆ. ಬೆಳಗ್ಗೆ ಎಲ್ಲಿಂದ ಶುರು ಮಾಡಲಿ ಅನ್ನುವ ಪ್ರಶ್ನೆಯೇ ಇಲ್ಲ, ಪೆಡಲ್ ತುಳಿದರಾಯಿತು. ಆ ತೋಳು ಮುಗಿಯುವಷ್ಟರಲ್ಲಿ ತಲೆ ಚುರುಕಾಗಿರುತ್ತದೆ, ಆಗಲೇ ಹೊಸ ಬಟ್ಟೆಗೆ ಕತ್ತರಿ ಹಾಕುವುದು. ಹುಕ್, ಹೆಮ್ಮಿಂಗ್ ಎಲ್ಲ ಊಟ ಆದ ಮೇಲೆ, ರೇಡಿಯೋ ಕೇಳುತ್ತಾ. ನೀನೂ ಸಂಜೆ ಪ್ಯಾರಾದ ನಡುವೆಯೇ ನಿಲ್ಲಿಸಿ ನೋಡು. ಕಷ್ಟದ ಪುಟ ಬೆಳಗ್ಗೆ ಇರಲಿ, ಇಮೇಲ್, ಬಿಲ್ಲು ಮಧ್ಯಾಹ್ನಕ್ಕೆ.

ನೀನು ಹೇಳಿದ ಪೊಮೊಡೊರೊ ಅನ್ನುವ, ಟೈಮರ್ ಇಟ್ಟು ಕೆಲಸ ಮಾಡುವ ವಿಧಾನದ ಬಗ್ಗೆಯೂ ಓದಿದೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದಲ್ಲಿ ಕಾಲೇಜು ಓದುವಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದಂತೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಹುಕ್ ಹಾಕಲು ಪರವಾಗಿಲ್ಲ. ಕಟಿಂಗ್ ಮಧ್ಯೆ ಟೈಮರ್ ಹೊಡೆಯಿತು ಅಂತ ಎದ್ದು ಹೋದರೆ ಅಳತೆ ತಪ್ಪುತ್ತದೆ, ಅಲ್ವಾ? ಕೂರಲು ಮನಸ್ಸೇ ಬಾರದ ದಿನ ಅದನ್ನು ಇಟ್ಟುಕೋ. ಕೆಲಸ ಕೈ ಹತ್ತಿದ ಮೇಲೆ ಸುಮ್ನೆ ಆಫ್ ಮಾಡು.

ದಿನಕ್ಕೊಮ್ಮೆಯಾದರೂ ಹೊರಗೆ ಹೋಗು. ಹಾಲಿನ ಅಂಗಡಿಯವರ ಜೊತೆ ಎರಡು ಮಾತಾಡಿ ಬಂದರೂ ಸಾಕು.

ಪ್ರಕಾಶಕರು ಡಿಸೆಂಬರ್‌ವರೆಗೆ ಟೈಮ್ ಕೊಟ್ಟಿದ್ದಾರೆ ಅಂದೆ. ಅದೇ ಜಾಸ್ತಿಯಾಗಿದ್ದು. ಇನ್ನು ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ಚೆನ್ನಾಗಿ ಬಂದಿದೆಯಾ ಅಂತ ಕೇಳುವುದಿಲ್ಲ, ಅದು ನನಗೆ ಗೊತ್ತಾಗುವುದೂ ಇಲ್ಲ. ಎಷ್ಟು ಪುಟ ಆಯಿತು ಅಂತ ಮಾತ್ರ ಕೇಳುತ್ತೇನೆ.

ನಿನ್ನ
ಅಮ್ಮ